ಇಯಾಗೊ ಪಾತ್ರ ಸಿಕ್ಕಿದೆ, ನಗಬೇಕಾ ಬೇಡವಾ?

ಪ್ರಶ್ನೆ:
ನಮ್ಮ ಹವ್ಯಾಸಿ ತಂಡ ಈ ಸಲ ಷೇಕ್ಸ್‌ಪಿಯರ್‌ನ ‘ಒಥೆಲೊ’ ನಾಟಕ ಹಿಡಿದಿದೆ. ನನಗೆ ಇಯಾಗೊ, ಹೆಂಡತಿಯ ಮೇಲೆ ಒಥೆಲೊಗೆ ಸುಳ್ಳು ಸಂಶಯ ಹುಟ್ಟಿಸುವ ಖಳ. ಹಗಲು ಬ್ಯಾಂಕಿನ ಕೌಂಟರ್, ಸಂಜೆ ತಾಲೀಮು. ಪ್ರತಿ ಸ್ವಗತದ ಕೊನೆಗೂ ಮೀಸೆ ತಿರುವಿ ನಗು ಅನ್ನುತ್ತಾರೆ ನಿರ್ದೇಶಕರು. ನನಗೆ ಒಗ್ಗುತ್ತಿಲ್ಲ. ಹಾಗೆ ನಕ್ಕರೆ ಅವನನ್ನು ನಂಬಿದ ಒಥೆಲೊ ದಡ್ಡನ ಹಾಗೆ ಕಾಣುತ್ತಾನೆ ಅಲ್ವಾ? ಸೈಪ್ರಸ್ ಕಾಯಲು ವೆನಿಸ್ ನಂಬಿ ಕಳಿಸಿದ ದಳಪತಿ ಅವನು. ಈ ನಾಟಕ ಆಡಿದವರಿದ್ದರೆ ಹೇಳಿ.

ಉತ್ತರ 1:
ನಗಬೇಡಿ. ಮೂರನೇ ಅಂಕದ ಮೂರನೇ ದೃಶ್ಯ ನಿಧಾನವಾಗಿ ಓದಿ. ಒಥೆಲೊನ ಹೆಂಡತಿ ಡೆಸ್ಡಿಮೋನಾ ಜೊತೆ ಮಾತಾಡುತ್ತಿದ್ದ ಕ್ಯಾಸಿಯೊ (ಒಥೆಲೊನ ಉಪದಳಪತಿಯಾಗಿದ್ದವನು), ಒಥೆಲೊ ಮತ್ತು ಇಯಾಗೊ ಬರುವುದನ್ನು ಕಂಡು ಸರಿದುಹೋಗುತ್ತಾನೆ. ‘ಹ್ಞಾ, ಇದು ಸರಿ ಕಾಣಲಿಲ್ಲ’ ಅಂತ ಗೊಣಗುತ್ತಾನೆ ಇಯಾಗೊ. ಏನಂದೆ ಅಂತ ಒಥೆಲೊ ಕೇಳಿದರೆ, ‘ಏನಿಲ್ಲ’. ಅಷ್ಟೇ, ಬತ್ತಿ ಇಟ್ಟಾಯಿತು. ಆಮೇಲೆ ಬಾಯಿ ಬಿಡಿಸುವ ಕೆಲಸ ಒಥೆಲೊನದೇ. ಹೊಟ್ಟೆಕಿಚ್ಚಿನಿಂದ ಜೋಪಾನ ಅಂತ ಬುದ್ಧಿ ಹೇಳುವವನೂ ಇಯಾಗೊನೇ! ಕ್ಯಾಸಿಯೊ ನಿದ್ದೆಯಲ್ಲಿ ಡೆಸ್ಡಿಮೋನಾ ಅಂತ ಕನವರಿಸಿದ, ಒಥೆಲೊ ಅವಳಿಗೆ ಕೊಟ್ಟ ಕರವಸ್ತ್ರದಲ್ಲಿ ಗಡ್ಡ ಒರೆಸಿಕೊಂಡ ಅನ್ನುವ ಹಸಿ ಸುಳ್ಳು ಬರುವುದು ಒಥೆಲೊ ಪುರಾವೆ ಕೊಡು ಅಂತ ಮೈಮೇಲೆ ಬಿದ್ದ ಮೇಲೆ. ನಾನು ಅಲ್ಲಿ ಸಾವಿನ ಮನೆಗೆ ಹೋದವನ ಹಾಗೆ ದನಿ ತಗ್ಗಿಸಿದ್ದೆ.

ಉತ್ತರ 2:
ಒಂದೇ ದನಿಯೂ ಬೇಡ. ಹುದ್ದೆ ಕಳೆದುಕೊಂಡ ಕ್ಯಾಸಿಯೊ ಮಾನ ಹೋಯಿತು ಅಂತ ಗೋಳಾಡಿದಾಗ, ಅದೆಲ್ಲ ಸುಮ್ನೆ ಅನ್ನುತ್ತಾನೆ ಇಯಾಗೊ. ಮುಂದಿನ ಅಂಕದಲ್ಲಿ ಒಥೆಲೊ ಎದುರು, ದುಡ್ಡು ಹೋದರೆ ಕಸ, ಹೆಸರು ಹೋದರೆ ಎಲ್ಲ ಹೋಯಿತು! ಡೆಸ್ಡಿಮೋನಾ ಮೇಲೆ ಆಸೆ ಇಟ್ಟುಕೊಂಡ ರೊಡೆರಿಗೊಗೆ ಮಾತ್ರ ‘ಚೀಲಕ್ಕೆ ದುಡ್ಡು ತುಂಬಿಕೊ’ ಅಂತ ಮತ್ತೆ ಮತ್ತೆ. ಆ ದುಡ್ಡು ಸೇರುವುದು ಇವನ ಜೇಬಿಗೆ. 1565ರಲ್ಲಿ ಅಚ್ಚಾದ ಇಟಲಿಯ ಮೂಲ ಕಥೆಯಲ್ಲಿ ಈ ಖಳನಿಗೆ ಡೆಸ್ಡಿಮೋನಾ ಮೇಲೆ ಆಸೆ, ಅವಳು ಒಲಿಯಲಿಲ್ಲ ಅಂತ ಹಗೆ. ಷೇಕ್ಸ್‌ಪಿಯರ್ ಅದನ್ನು ತೆಳು ಮಾಡಿಬಿಟ್ಟ. ಬಡ್ತಿ ತಪ್ಪಿತು ಅಂತ ಒಮ್ಮೆ, ಹೆಂಡತಿ ಮೇಲೆ ಗುಮಾನಿ ಅಂತ ಇನ್ನೊಮ್ಮೆ. (ಬಸವಪ್ಪಶಾಸ್ತ್ರಿಗಳ ‘ಶೂರಸೇನ ಚರಿತ್ರೆ’ ಇದೇ ನಾಟಕದ ರೂಪಾಂತರ. ಸಿಕ್ಕರೆ ನೋಡಿ.)

ಉತ್ತರ 3:
ನಾನು ಎಮಿಲಿಯಾ ಆಡಿದವಳು, ಇಯಾಗೊನ ಹೆಂಡತಿ, ಡೆಸ್ಡಿಮೋನಾಳ ಸಖಿ. ಎಲ್ಲರೂ ಒಥೆಲೊ ನಂಬಿದ್ದನ್ನೇ ಮಾತಾಡುತ್ತೀರಿ. ಆ ಕರವಸ್ತ್ರ ಎತ್ತಿ ಇಯಾಗೊಗೆ ಕೊಟ್ಟವಳು ಎಮಿಲಿಯಾ. ತಲೆನೋವು ಅಂದ ಒಥೆಲೊನ ಹಣೆಗೆ ಡೆಸ್ಡಿಮೋನಾ ಕಟ್ಟಲು ಹೋಗುತ್ತಾಳೆ. ಚಿಕ್ಕದಾಯಿತು ಅಂತ ಅವನು ಸರಿಸುತ್ತಾನೆ, ಕೆಳಗೆ ಬೀಳುತ್ತದೆ. ಆಮೇಲೆ ಎಲ್ಲಿ ಹೋಯಿತು ಅಂತ ಡೆಸ್ಡಿಮೋನಾ ಕೇಳಿದರೆ ಎಮಿಲಿಯಾ ‘ಗೊತ್ತಿಲ್ಲಮ್ಮ’ ಅನ್ನುತ್ತಾಳೆ. ಅವಳ ಗಂಡ ಇಯಾಗೊ ಎಷ್ಟೋ ಸಲ ಕೇಳಿದ್ದ, ಕೊಟ್ಟಳು. ಯಾಕೆ ಅಂತ ಅವಳಿಗೂ ಗೊತ್ತಿಲ್ಲ.

ಕೊನೆಯ ದೃಶ್ಯದಲ್ಲಿ, ಇದೆಲ್ಲ ಹೇಳಿದ್ದು ನಿನ್ನ ಗಂಡನೇ ಅಂತ ಒಥೆಲೊ ಅಂದಾಗ, ‘ನನ್ನ ಗಂಡನಾ?’ ಅಂತ ನಾನು ಮತ್ತೆ ಮತ್ತೆ ಕೇಳುವಾಗ ಸಭೆಯಲ್ಲಿ ಕಿಸಕ್ಕನೆ ನಕ್ಕರು. ನಮ್ಮ ಇಯಾಗೊ ಮೊದಲಿಂದ ಹಲ್ಲು ಕಿರಿದು ಕಿರಿದು, ಇವಳೊಬ್ಬಳಿಗೆ ಗೊತ್ತಾಗಲಿಲ್ವಾ ಅನ್ನುವಂತಾಗಿತ್ತು. ಅವತ್ತು ಗ್ರೀನ್‌ರೂಮಿನಲ್ಲಿ ಅತ್ತಿದ್ದೆ.

ಪ್ರಶ್ನೆ ಕೇಳಿದವರು:
ಎಮಿಲಿಯಾ ಮೇಡಂ, ನಿಮ್ಮ ಮಾತನ್ನು ಹಾಗೇ ನಿರ್ದೇಶಕರಿಗೆ ಕಳಿಸಿದೆ. ‘ಮೀಸೆ ಬೇಡ, ಆದರೆ ನಗು ಒಂದು ಸಲ ಇರಲಿ’ ಅಂದಿದ್ದಾರೆ. ಚೌಕಾಸಿ ನಡೆದಿದೆ.