ಕಡುನೀಲಿ ಹರಳನ್ನು ಫೋಟೋ ನೋಡಿ ಕೊಳ್ಳಬಹುದೆ? ಅನುಭವ ಇದ್ದವರು ಹೇಳಿ

ಶಿವಮೊಗ್ಗದಿಂದ, ಪ್ರಶ್ನೆ

ಮಾಘ ಮಾಸದಲ್ಲಿ ತಂಗಿಯ ಮದುವೆ. ಅವಳಿಗೆ ಇಂದ್ರನೀಲದ ಉಂಗುರ ಮಾಡಿಸಬೇಕೆಂದು ಅಮ್ಮನ ಆಸೆ. ಇಲ್ಲಿಯ ಅಂಗಡಿಗಳಲ್ಲಿ ತೋರಿಸಿದ ಮೂರು ನಾಲ್ಕು ಕಲ್ಲುಗಳು ಮನಸ್ಸಿಗೆ ಬರಲಿಲ್ಲ. ಆನ್‌ಲೈನಿನಲ್ಲಿ ಅಂಡಾಕಾರದ ಒಂದು ಕಲ್ಲು ಸಿಕ್ಕಿದೆ: ತೂಕ 2.1 ಕ್ಯಾರೆಟ್, ಅಳತೆ 8 × 6 ಮಿಲಿಮೀಟರ್. ಫೋಟೋದಲ್ಲಿ ಬಣ್ಣ ನವಿಲಿನ ಕೊರಳಿನಂತಿದೆ. ಪ್ರಯೋಗಾಲಯದ ಪ್ರಮಾಣಪತ್ರವೂ ಇದೆ. ಆದರೆ ವಿವರದಲ್ಲಿ ‘ಕಡುನೀಲಿ’ ಎಂದು ಬರೆದಿದ್ದಾರೆ, ಅದೇ ನನಗೆ ಅಳುಕು. ಇಂಥ ಗಾಢ ಬಣ್ಣದ ಕಲ್ಲನ್ನು ಫೋಟೋ ನೋಡಿಯೇ ಕೊಂಡವರು ಇದ್ದರೆ ದಯವಿಟ್ಟು ಹೇಳಿ. ಕೈಗೆ ಬಂದಾಗ ಹೇಗಿತ್ತು? ಕೊಳ್ಳುವ ಮೊದಲು ಏನು ಕೇಳಬೇಕಿತ್ತು ಅನ್ನಿಸಿತು?

ಮೈಸೂರಿನಿಂದ

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನ್ನ ಬೀರುವಿನಲ್ಲಿರುವ ಉಂಗುರ ಕಣ್ಣ ಮುಂದೆ ಬಂತು. ನಾಲ್ಕು ವರ್ಷದ ಹಿಂದೆ ನಾನೂ ಹೀಗೆಯೇ ಒಂದು ಇಂದ್ರನೀಲ ತರಿಸಿದೆ. ಫೋಟೋದಲ್ಲಿ ಇಡೀ ಕಲ್ಲು ಒಳಗೆ ದೀಪ ಹಚ್ಚಿಟ್ಟಂತೆ ಬೆಳಗುತ್ತಿತ್ತು. ಪೊಟ್ಟಣ ಕೈಸೇರಿದ್ದು ಬೆಳಿಗ್ಗೆ ಹನ್ನೊಂದು ಗಂಟೆಗೆ. ಹಿತ್ತಲಿನ ಬಿಸಿಲಿಗೆ ಹಿಡಿದು ನೋಡಿದೆ, ಫೋಟೋದ ಬಣ್ಣವೇ ಕಂಡಿತು. ಸಂತೋಷದಲ್ಲಿ ಅದೇ ದಿನ ಅಕ್ಕಸಾಲಿಗರಿಗೆ ಕೊಟ್ಟುಬಿಟ್ಟೆ. ಉಂಗುರವನ್ನು ಮೊದಲ ಸಲ ಹಾಕಿಕೊಂಡದ್ದು ಸಂಜೆಯ ಆರತಕ್ಷತೆಯೊಂದಕ್ಕೆ. ಛತ್ರದ ಹಳದಿ ದೀಪಗಳ ಕೆಳಗೆ ಕಲ್ಲು ಮಸಿಯಂತೆ ಕಪ್ಪಾಗಿತ್ತು. ನಾದಿನಿ ನನ್ನ ಕೈ ಹಿಡಿದು ನೋಡಿ, “ಅತ್ತಿಗೆ, ಕಪ್ಪು ಕಲ್ಲು ಯಾಕೆ ಹಾಕಿಸಿದಿರಿ?” ಎಂದು ಕೇಳಿದಳು. ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮಾರಿದವರು ಸುಳ್ಳು ಹೇಳಿರಲಿಲ್ಲ ಎನ್ನುವುದೇ ನನ್ನನ್ನು ಹೆಚ್ಚು ಕಾಡಿತು. ಕಲ್ಲು ಅಸಲಿ, ತೂಕ ಸರಿ, ಪ್ರಮಾಣಪತ್ರ ಸರಿ. ಹಳೆಯ ಫೋಟೋಗಳನ್ನು ಮತ್ತೆ ತೆಗೆದು ನೋಡಿದಾಗ ವಿಷಯ ತಿಳಿಯಿತು. ಚಿಮುಟದಲ್ಲಿ ಹಿಡಿದ ಕಲ್ಲಿಗೆ ಹಿಂದಿನಿಂದ ಬೆಳಕು ಬಿಟ್ಟಿದ್ದರು. ಬೆರಳಿನ ಮೇಲೆ ಕುಳಿತ ಕಲ್ಲಿಗೆ ಹಿಂದಿನಿಂದ ಬೆಳಕು ಎಲ್ಲಿಂದ ಬರಬೇಕು? ಅದರ ಬೆನ್ನಿಗಿರುವುದು ನಮ್ಮ ಚರ್ಮ. ಮೇಲಿನಿಂದ ಒಳಹೊಕ್ಕ ಬೆಳಕು ತಳದ ಮುಖಗಳಿಗೆ ತಾಗಿ ಮತ್ತೆ ಮೇಲಕ್ಕೆ ಬಂದರೆ ಮಾತ್ರ ಬಣ್ಣ ಕಾಣುತ್ತದೆ. ಗಾಢವಾದ ಕಲ್ಲು ಆ ಬೆಳಕನ್ನು ದಾರಿಯಲ್ಲಿಯೇ ನುಂಗಿಬಿಡುತ್ತದೆ. ಅದರ ಮೇಲೆ ಹಳದಿ ದೀಪದ ಬೆಳಕಿನಲ್ಲಿ ನೀಲಿಯ ಪಾಲು ಮೊದಲೇ ಕಡಿಮೆ. ಬೆಳಕಿನಲ್ಲಿ ಇಲ್ಲದ ನೀಲಿಯನ್ನು ಕಲ್ಲು ಎಲ್ಲಿಂದ ತಂದು ತೋರಿಸೀತು?

ಅಂದಿನಿಂದ ಚೆಂದದ ಫೋಟೋ ಕೇಳುವುದನ್ನೇ ಬಿಟ್ಟೆ. ಕಲ್ಲು ಅತ್ಯಂತ ಮಂಕಾಗಿ ಕಾಣುವ ಜಾಗದಲ್ಲಿ ಇಟ್ಟು ತೋರಿಸಿ ಎನ್ನುತ್ತೇನೆ. ಎರಡು ಬೆರಳುಗಳ ಸಂದಿಯಲ್ಲಿ ಕಲ್ಲನ್ನು ಉಂಗುರದಂತೆ ಕೂರಿಸಿಕೊಂಡು, ಮೊದಲು ಬಾಗಿಲ ಹೊರಗಿನ ನೆರಳಿನಲ್ಲಿ, ಆಮೇಲೆ ಸಂಜೆ ದೀಪ ಹಾಕಿದ ಕೋಣೆಯಲ್ಲಿ, ಕೈಯನ್ನು ಮೆಲ್ಲಗೆ ಆಚೀಚೆ ಓಲಾಡಿಸುತ್ತ ಅರ್ಧ ನಿಮಿಷದ ವಿಡಿಯೊ. ಬೇರೆ ದೀಪ ಬೇಡ, ಬಣ್ಣ ತಿದ್ದುವುದು ಬೇಡ. ಆ ವಿಡಿಯೊದಲ್ಲಿ ಕೈ ಓಲಾಡಿದಂತೆ ಕಪ್ಪು ಭಾಗ ಜಾಗ ಬದಲಿಸುತ್ತದೆಯೇ, ಇಲ್ಲವೇ ಒಂದೇ ಕಡೆ ನಿಂತಿರುತ್ತದೆಯೇ ನೋಡಿ. ಯಾವ ಕಲ್ಲಿನಲ್ಲೂ ಸ್ವಲ್ಪ ಕಪ್ಪು ಓಡಾಡುವುದು ಸಹಜ. ನಿಂತಲ್ಲೇ ನಿಂತ ಕಪ್ಪು ಇದ್ದರೆ ಅದನ್ನೇ ನೀವು ದಿನವೂ ನೋಡಬೇಕಾಗುತ್ತದೆ. ನಾನು ಈಗ ಯಾವ ಕಲ್ಲಿಗೂ ಅದರ ಅತಿ ಮಂಕಾದ ಚಿತ್ರಕ್ಕೆ ಎಷ್ಟು ಬೆಲೆ ಕೊಡಬಹುದೋ ಅಷ್ಟೇ ಕೊಡುತ್ತೇನೆ.

ಬೆಂಗಳೂರಿನಿಂದ

ಹದಿನೈದು ವರ್ಷಗಳಿಂದ ಆಭರಣಗಳ ಫೋಟೋ ತೆಗೆಯುವುದೇ ನನ್ನ ಕೆಲಸ. ಮೈಸೂರಿನ ಮೇಡಂ ಹೇಳಿದ ಮಾತಿಗೆ ಕ್ಯಾಮೆರಾದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ಪ್ರಾಮಾಣಿಕ ವ್ಯಾಪಾರಿಯ ಫೋಟೋ ಕೂಡ ಗಾಢ ಕಲ್ಲಿನ ವಿಷಯದಲ್ಲಿ ದಾರಿ ತಪ್ಪಿಸುತ್ತದೆ.

ಮೊಬೈಲ್ ಕ್ಯಾಮೆರಾ ತಾನೇ ಬೆಳಕನ್ನು ಹೊಂದಿಸಿಕೊಳ್ಳುತ್ತದೆ. ಕಪ್ಪು ವೆಲ್ವೆಟ್ಟಿನ ಮೇಲೆ ಕಲ್ಲಿಟ್ಟರೆ ಚಿತ್ರವೆಲ್ಲ ಕತ್ತಲಾಯಿತೆಂದು ಬೆಳಕನ್ನು ಏರಿಸುತ್ತದೆ. ಕಲ್ಲು ತಾನಿರುವುದಕ್ಕಿಂತ ತಿಳಿಯಾಗಿ ಕಾಣುತ್ತದೆ. ಬಿಳಿ ಹಾಳೆಯ ಮೇಲಿಟ್ಟರೆ ಬೆಳಕನ್ನು ಇಳಿಸುತ್ತದೆ. ಅದೇ ಕಲ್ಲು ಕಪ್ಪಾಗುತ್ತದೆ. ಕಲ್ಲು ಒಂದೇ, ಮೇಜು ಒಂದೇ, ಕೆಳಗಿನ ಬಟ್ಟೆ ಬದಲಾದರೆ ಬಣ್ಣ ಬದಲಾಗುತ್ತದೆ. ಹಾಗಾಗಿ ಮನುಷ್ಯರ ಕೈ ಇರುವ ಚಿತ್ರ ಕೇಳಿ ಎಂದು ಅವರು ಹೇಳಿದ್ದು ತುಂಬ ಸರಿ. ಕೈಯ ಬಣ್ಣ ಹೇಗಿರುತ್ತದೆಂದು ನಮ್ಮ ಕಣ್ಣಿಗೆ ಗೊತ್ತು. ಚಿತ್ರದಲ್ಲಿ ಚರ್ಮ ಬೆಳ್ಳಗೆ ಸುಟ್ಟಂತಿದ್ದರೆ ಬೆಳಕು ಹೆಚ್ಚಾಗಿದೆ, ಕಲ್ಲು ನಿಜಕ್ಕೂ ಅದಕ್ಕಿಂತ ಗಾಢ. ಚರ್ಮ ನೀಲಿಗಟ್ಟಿದ್ದರೆ ಕಲ್ಲಿನ ನೀಲಿಯಲ್ಲೂ ಒಂದಿಷ್ಟು ಪಾಲು ಕ್ಯಾಮೆರಾದ್ದು.

ಆಳವಾದ ನೀಲಿ ಮತ್ತು ನೇರಳೆ ಬಣ್ಣಗಳಲ್ಲಿ ಕೆಲವನ್ನು ಮೊಬೈಲ್ ಪರದೆ ಇದ್ದಂತೆ ತೋರಿಸಲಾರದು. ಟಾಂಜನೈಟ್‌ನಂಥ ಕಲ್ಲು ಒಂದು ಫೋನಿನಲ್ಲಿ ನೀಲಿ, ಇನ್ನೊಂದರಲ್ಲಿ ನೇರಳೆ ಕಾಣುವುದುಂಟು. ನೋಡುವ ಮೊದಲು ನಿಮ್ಮ ಫೋನಿನಲ್ಲಿ ಕಣ್ಣಿಗೆ ಹಿತವೆಂದು ರಾತ್ರಿಯ ಹಳದಿ ಬೆಳಕು ಹಾಕಿಕೊಂಡಿದ್ದರೆ ತೆಗೆದುಬಿಡಿ. ಮನೆಯವರ ಎರಡು ಬೇರೆ ಫೋನುಗಳಲ್ಲೂ ತೆರೆದು ನೋಡಿ.

ಹಾಸನದಿಂದ

ಗಾಢ ಕಲ್ಲು ಎಂದರೆ ಎಲ್ಲರೂ ಹೆದರಿಸುತ್ತಿದ್ದೀರಿ. ನನ್ನದು ಗಾಢ ಕೆಂಪು ಗಾರ್ನೆಟ್, ಫೋಟೋ ನೋಡಿಯೇ ತರಿಸಿದ್ದು, ನನಗೆ ಅದು ಬಹಳ ಪ್ರೀತಿಯದು. ಮನೆಯೊಳಗೆ ಹಣ್ಣಾದ ನೇರಳೆಯಂತೆ ಕಪ್ಪಾಗಿರುತ್ತದೆ, ಕಿಟಕಿಯ ಹತ್ತಿರ ಕೈ ಚಾಚಿದರೆ ಕೆಂಡದಂತೆ ಹೊತ್ತಿಕೊಳ್ಳುತ್ತದೆ. ಹಿಂದಿನ ಕಾಲದಲ್ಲಿ ಗಾಢ ಗಾರ್ನೆಟ್ಟನ್ನು ಗುಮ್ಮಟದ ಆಕಾರಕ್ಕೆ ಉಜ್ಜಿ, ತಳವನ್ನು ಬಟ್ಟಲಿನಂತೆ ತೋಡುತ್ತಿದ್ದರಂತೆ. ಕಲ್ಲು ತೆಳುವಾದಷ್ಟೂ ಕೆಂಪು ಹೊರಗೆ ಬರುತ್ತದೆ. ನನ್ನದನ್ನೂ ಹಾಗೆಯೇ ತೋಡಿದ್ದಾರೆ. ಗಾರ್ನೆಟ್ಟಿಗೆ ಸಾಮಾನ್ಯವಾಗಿ ಬಣ್ಣ ಸುಧಾರಿಸಲು ಶಾಖ ಕೊಡುವುದೂ ಇಲ್ಲ. ಗಾಢ ಬಣ್ಣ ಬೇಕೆಂದು ತಿಳಿದೇ ಕೊಂಡರೆ ಪಶ್ಚಾತ್ತಾಪವಿಲ್ಲ.

ಉಡುಪಿಯಿಂದ

ನಮ್ಮದು ಚಿನ್ನದ ಕೆಲಸದ ಮನೆ. ತಂಗಿ, ನೀವು ಕೊಟ್ಟ ಅಳತೆಯಲ್ಲಿಯೇ ಅರ್ಧ ಉತ್ತರ ಇದೆ, ಯಾರೂ ಅದನ್ನು ಗಮನಿಸಲಿಲ್ಲ.

ಅಂಡಾಕಾರದ ಇಂದ್ರನೀಲದ ತೂಕವನ್ನು ಅಂದಾಜು ಮಾಡಲು ಒಂದು ಲೆಕ್ಕವಿದೆ. ಉದ್ದ, ಅಗಲ, ಆಳವನ್ನು ಮಿಲಿಮೀಟರಿನಲ್ಲಿ ಗುಣಿಸಿ, ಬಂದದ್ದನ್ನು 0.008ರಿಂದ ಗುಣಿಸಿದರೆ ಹತ್ತಿರ ಹತ್ತಿರ ಕ್ಯಾರೆಟ್ ಬರುತ್ತದೆ. 8 × 6 ಕಲ್ಲಿಗೆ 4 ಮಿಲಿಮೀಟರ್ ಆಳವಿದ್ದರೆ ತೂಕ ಸುಮಾರು 1.5 ಕ್ಯಾರೆಟ್ ಆಗಬೇಕು. ನಿಮ್ಮದು 2.1 ಎನ್ನುತ್ತಾರೆ. ಅಂದರೆ ಆಳ ಸುಮಾರು ಐದೂವರೆ ಮಿಲಿಮೀಟರ್, ಅಗಲಕ್ಕೆ ಹೆಚ್ಚುಕಡಿಮೆ ಸಮ. ಆ ಹೆಚ್ಚಿನ ತೂಕವೆಲ್ಲ ಹೊಟ್ಟೆಯಲ್ಲಿದೆ, ಮೇಲಿನಿಂದ ಕಾಣುವುದೇ ಇಲ್ಲ. ಆ ಕಾಣದ ಹೊಟ್ಟೆಗೂ ನೀವು ಹಣ ಕೊಡುತ್ತೀರಿ. ಅಷ್ಟೇ ಅಲ್ಲ, ಬೆಳಕು ಅಷ್ಟು ಆಳಕ್ಕೆ ಇಳಿದು ಮೇಲೆ ಬರಬೇಕು, ಹಾಗಾಗಿ ಕಲ್ಲು ಕಪ್ಪಾಗುವುದಕ್ಕೂ ಅದೇ ಕಾರಣ. ಕಡುಬಣ್ಣದ ಕಲ್ಲನ್ನು ಆಳ ಕಡಿಮೆ ಇಟ್ಟು ಕಡೆಯಬೇಕು. ತೂಕದ ಆಸೆಗೆ ಹಾಗೆ ಮಾಡುವವರು ಕಡಿಮೆ. ಕಲ್ಲನ್ನು ಪಕ್ಕದಿಂದ ತೆಗೆದ ಫೋಟೋ ಮತ್ತು ಆಳದ ಅಳತೆ ಎರಡನ್ನೂ ಕೇಳಿ.

ತೀರಾ ತೆಳುವಾದರೂ ತೊಂದರೆಯೇ. ನಡುವೆ ಕಿಟಕಿ ತೆರೆದಂತಾಗಿ ಕೆಳಗಿನ ಚರ್ಮ ಕಾಣುತ್ತದೆ, ಸುತ್ತ ಮಾತ್ರ ನೀಲಿ ಉಳಿಯುತ್ತದೆ. ಕಲ್ಲನ್ನು ಅಚ್ಚಾದ ಅಕ್ಷರಗಳ ಮೇಲೆ ಮುಖ ಮೇಲಾಗಿ ಇಟ್ಟು ಫೋಟೋ ಕಳಿಸಲು ಹೇಳಿ, ನಡುವಿನಿಂದ ಅಕ್ಷರ ಓದಲು ಬಂದರೆ ಬಿಟ್ಟುಬಿಡಿ.

ಇದೇ ಲೆಕ್ಕ ಇನ್ನೊಂದಕ್ಕೂ ಉಪಯೋಗ. 8 × 6 × 4 ಅಳತೆಯ ‘ಇಂದ್ರನೀಲ’ 1 ಕ್ಯಾರೆಟ್ ಮಾತ್ರ ತೂಗುತ್ತಿದ್ದರೆ ಅನುಮಾನಿಸಿ. ಅದು ಬಹುಶಃ ಅಯೋಲೈಟ್. ನೋಡಲು ನೀಲಿಯೇ, ಆದರೆ ಇಂದ್ರನೀಲಕ್ಕಿಂತ ಬಹಳ ಹಗುರ, ಗಟ್ಟಿತನವೂ ಕಡಿಮೆ. ತೂಕವನ್ನು ಕ್ಯಾರೆಟ್ಟಿನಲ್ಲೇ ಕೇಳಿ. 1 ಕ್ಯಾರೆಟ್ ಎಂದರೆ ಎಲ್ಲಿಯೂ 200 ಮಿಲಿಗ್ರಾಂ. ರತ್ತಿ ಎಂಬ ಹಳೆಯ ಅಳತೆಯ ತೂಕ ಒಬ್ಬೊಬ್ಬ ವ್ಯಾಪಾರಿಗೆ ಒಂದೊಂದು.

ಕೊನೆಗೆ ಕಟ್ಟುವ ವಿಷಯ. ಗಾಢ ಕಲ್ಲಿನ ಸುತ್ತ ಚಿನ್ನದ ಗೋಡೆ ಕಟ್ಟಿ ಮುಚ್ಚಿದರೆ ಇರುವ ಬೆಳಕೂ ಹೋಯಿತು. ತಳ ತೆರೆದಿರಲಿ, ಪಕ್ಕಗಳೂ ತೆರೆದಿರಲಿ, ನಾಲ್ಕು ಕಡೆ ಉಗುರಿನಂತೆ ಹಿಡಿದರೆ ಸಾಕು. ಹಾಕಿಕೊಂಡ ಮೇಲೆ ಸಾಬೂನು, ಎಣ್ಣೆ ತಳದಲ್ಲಿ ಕೂತರೂ ಕಲ್ಲು ಮಂಕಾಗುತ್ತದೆ. ಬೆಚ್ಚಗಿನ ನೀರಿನಲ್ಲಿ ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ ಹಾಕಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಿಂಬದಿಯನ್ನು ತೊಳೆಯಿರಿ. ಕಲ್ಲು ಕಪ್ಪಾಯಿತೆಂದು ನಮ್ಮಲ್ಲಿಗೆ ತರುವ ಉಂಗುರಗಳಲ್ಲಿ ಎಷ್ಟೋ ತೊಳೆದ ಕೂಡಲೇ ಸರಿಹೋಗುತ್ತವೆ. ಮೈಸೂರಿನ ಅಕ್ಕ, ನಿಮ್ಮದನ್ನೂ ಒಮ್ಮೆ ತೊಳೆದು ನೋಡಿ.

ಸಿಡ್ನಿಯಿಂದ

‘ಕಡು’ ಎಂದರೆ ಎಷ್ಟು ಕಡು ಎಂದು ವ್ಯಾಪಾರಿಯನ್ನು ಕೇಳಬಹುದು. ಹರಳುಗಳನ್ನು ಪರೀಕ್ಷಿಸುವ ಅಮೆರಿಕದ ಜಿಐಎ ಸಂಸ್ಥೆ ಬಣ್ಣದ ಗಾಢತೆಗೆ ಅಂಕಿ ಕೊಡುತ್ತದೆ: 5 ಎಂದರೆ ಮಧ್ಯಮ, 6 ಮಧ್ಯಮ ಗಾಢ, 7 ಗಾಢ, 8 ಬಹಳ ಗಾಢ. ಇಂದ್ರನೀಲಕ್ಕೆ 6ರ ಆಸುಪಾಸು ಬಹಳ ಚೆಂದ. 7 ದಾಟಿದರೆ ಸಂಜೆಯ ದೀಪದಲ್ಲಿ ನೀಲಿಯನ್ನು ಹುಡುಕಬೇಕಾಗುತ್ತದೆ.

ಇಲ್ಲಿ ನ್ಯೂ ಸೌತ್ ವೇಲ್ಸ್‌ನ ಇನ್ವೆರೆಲ್ ಮತ್ತು ಕ್ವೀನ್ಸ್‌ಲ್ಯಾಂಡಿನ ಅನಾಕಿ ಸುತ್ತಮುತ್ತ ಸಿಗುವ ಇಂದ್ರನೀಲಗಳಲ್ಲಿ ಬಹಳಷ್ಟು ಗಾಢವೇ. ಜ್ವಾಲಾಮುಖಿಯ ಶಿಲೆಯ ಜೊತೆ ಮೇಲೆ ಬಂದ ಈ ಕಲ್ಲುಗಳಲ್ಲಿ ಕಬ್ಬಿಣದ ಅಂಶ ಹೆಚ್ಚು. ಇಂದ್ರನೀಲದ ನೀಲಿಗೆ ಕಬ್ಬಿಣ ಮತ್ತು ಟೈಟಾನಿಯಂ ಕಾರಣ, ಅತಿಯಾದರೆ ಆ ನೀಲಿಯೇ ಮಸಿಯಾಗುತ್ತದೆ. ಹಿಂದೆ ಥಾಯ್ಲೆಂಡಿನ ವ್ಯಾಪಾರಿಗಳು ಇಲ್ಲಿಂದ ರಾಶಿಗಟ್ಟಲೆ ಕೊಂಡೊಯ್ದು, ಶಾಖ ಕೊಟ್ಟು ಸುಧಾರಿಸಿ ಮಾರುತ್ತಿದ್ದರು. ಶ್ರೀಲಂಕಾದ ಕಲ್ಲುಗಳು ಸಾಮಾನ್ಯವಾಗಿ ಇವಕ್ಕಿಂತ ತಿಳಿ. ಆದರೆ ಊರಿನ ಹೆಸರು ನೋಡಿ ಕಲ್ಲು ಆರಿಸಬೇಡಿ, ಎಲ್ಲ ಊರಿನಲ್ಲೂ ಎರಡೂ ಬಗೆ ಇವೆ.

ನಾನು ಇನ್ವೆರೆಲ್ ಕಡೆಯ ಕಲ್ಲೊಂದನ್ನು ಕಡೆಯುವವರ ಕೈಯಿಂದಲೇ ಕೊಂಡೆ. ಅವರು ಒರಟು ಹರಳನ್ನು ತಿರುಗಿಸಿ ತೋರಿಸಿದರು: ಒಂದು ದಿಕ್ಕಿನಿಂದ ಶುದ್ಧ ನೀಲಿ ಆದರೆ ಕಪ್ಪಿಗೆ ಹತ್ತಿರ, ಅಡ್ಡ ದಿಕ್ಕಿನಿಂದ ಹಸಿರು ಬೆರೆತ ನೀಲಿ. ಯಾವುದನ್ನು ಮೇಲ್ಮುಖ ಮಾಡಬೇಕು ಎನ್ನುವುದು ಕಡೆಯುವವರ ತೀರ್ಮಾನ. ನಾನು ಹಸಿರು ಬೆರೆತದ್ದನ್ನೇ ಆರಿಸಿಕೊಂಡೆ, ಯಾವ ದೀಪದ ಕೆಳಗೂ ಅದು ಸಾಯುವುದಿಲ್ಲ.

ಮತ್ತೆ ಮೈಸೂರಿನಿಂದ

ತೊಳೆದೆ. ಹಗಲಿನಲ್ಲಿ ಸ್ವಲ್ಪ ಚುರುಕಾಗಿದೆ, ಸಂಜೆ ಇನ್ನೂ ಕಪ್ಪೇ. ಆದರೂ ಉಡುಪಿಯವರಿಗೆ ವಂದನೆ.

ಶಿವಮೊಗ್ಗದವರಿಗೆ ಒಂದು ಮಾತು ಬಿಟ್ಟುಹೋಗಿತ್ತು. ಪ್ರಮಾಣಪತ್ರ ಇದೆ ಎಂದು ಬಣ್ಣದ ವಿಷಯದಲ್ಲಿ ನಿಶ್ಚಿಂತೆಯಾಗಬೇಡಿ. ಅದು ಕಲ್ಲು ಯಾವುದು, ಸಹಜವೋ ಕೃತಕವೋ, ಶಾಖ ಅಥವಾ ಬೇರೆ ಸಂಸ್ಕಾರದ ಗುರುತು ಇದೆಯೋ ಎನ್ನುವುದಕ್ಕೆ. ನನ್ನ ಪತ್ರದಲ್ಲಿ ಬಣ್ಣದ ಮುಂದೆ ‘ನೀಲಿ’ ಎಂಬ ಒಂದೇ ಪದವಿತ್ತು. ಗಾಢ ಕಲ್ಲಿನೊಳಗಿನ ಬಿರುಕು, ತುಂಬಿಸಿದ ಗಾಜು ಬರಿಗಣ್ಣಿಗೆ ಕಾಣದ್ದರಿಂದ ಪತ್ರ ಬೇಕೇ ಬೇಕು. ಅದರ ಸಂಖ್ಯೆಯನ್ನು ಪ್ರಯೋಗಾಲಯದ ಜಾಲತಾಣದಲ್ಲಿ ನೀವೇ ಹಾಕಿ, ತೂಕ, ಅಳತೆ ಎರಡನ್ನೂ ಹೋಲಿಸಿ. ಆಳದ ಅಳತೆ ಅಲ್ಲಿಯೇ ಸಿಗಬಹುದು.

ಹಿಂದಿರುಗಿಸುವ ಷರತ್ತನ್ನು ಹಣ ಕೊಡುವ ಮೊದಲು ಬರಹದಲ್ಲಿ ಪಡೆಯಿರಿ. ನಮ್ಮಲ್ಲಿ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದಂತಿಲ್ಲದ ವಸ್ತುವನ್ನು ಮಾರಾಟಗಾರ ಹಿಂಪಡೆಯಲು ನಿರಾಕರಿಸುವಂತಿಲ್ಲ; ತಕರಾರಿದ್ದರೆ ಗ್ರಾಹಕ ಸಹಾಯವಾಣಿ 1915. ಆದರೆ ‘ಕಡುನೀಲಿ’ ಎಂದು ಬರೆದ ಮೇಲೆ ಅದು ಕಪ್ಪಾಗಿ ಕಂಡಿತೆಂದು ವಾದಿಸುವುದು ಕಷ್ಟ. ಇಷ್ಟವಾಗದಿದ್ದರೂ ಹಿಂಪಡೆಯುತ್ತೇವೆ ಎಂಬ ಮಾತೇ ಬೇಕು. ಪೊಟ್ಟಣ ಬಿಚ್ಚುವುದನ್ನು ವಿಡಿಯೊ ಮಾಡಿ. ಎರಡು ದಿನ ಮನೆಯಲ್ಲಿಟ್ಟು ಹಗಲು, ಸಂಜೆ, ರಾತ್ರಿ ನೋಡುವ ತನಕ ಚಿನ್ನಕ್ಕೆ ಕೂರಿಸಬೇಡಿ. ನಾನು ಅದೊಂದನ್ನು ಮಾಡಿದ್ದರೆ ಸಾಕಿತ್ತು.

ಶಿವಮೊಗ್ಗದಿಂದ, ಮೂರು ವಾರಗಳ ನಂತರ

ನೀವೆಲ್ಲ ಇಷ್ಟು ಬಿಡಿಸಿ ಹೇಳಿದ್ದಕ್ಕೆ ಹೃತ್ಪೂರ್ವಕ ಕೃತಜ್ಞತೆ. ಆಳ ಕೇಳಿದೆ: 5.4 ಮಿಲಿಮೀಟರ್, ಉಡುಪಿಯ ಅಣ್ಣ ಹೇಳಿದಷ್ಟೇ. ಸಂಜೆಯ ಕೋಣೆಯ ವಿಡಿಯೊವನ್ನೂ ಮಾರುವವರು ಬೇಸರಿಸದೆ ಕಳಿಸಿದರು. ಕೈ ಎಷ್ಟು ಓಲಾಡಿದರೂ ಕಲ್ಲಿನ ಎರಡು ತುದಿಗಳು ಕಪ್ಪಾಗಿಯೇ ಇದ್ದವು. ಅದನ್ನು ಬಿಟ್ಟೆ. ಅವರಲ್ಲಿಯೇ ಇನ್ನೊಂದು ಕಲ್ಲು ಕೇಳಿ ನೋಡಿದೆ, 1.6 ಕ್ಯಾರೆಟ್, ಆಳ 4.1, ಮೇಲಿನಿಂದ ಮೊದಲಿನದರಷ್ಟೇ ದೊಡ್ಡದು. ಹಗಲಿನ ಫೋಟೋದಲ್ಲಿ ಅದು ಅಷ್ಟೊಂದು ಸೆಳೆಯುವುದಿಲ್ಲ, ಮೊದಲು ನಾನು ಅದನ್ನು ದಾಟಿಕೊಂಡೇ ಹೋಗಿದ್ದೆ. ಶಾಖ ಕೊಟ್ಟದ್ದೆಂದು ಪತ್ರದಲ್ಲಿದೆ, ಅವರೂ ಮುಚ್ಚಿಡಲಿಲ್ಲ.

ಕಲ್ಲು ಮೊನ್ನೆ ಬಂತು. ಅಮ್ಮ ಅದನ್ನು ಬೆರಳ ಸಂದಿಯಲ್ಲಿ ಇಟ್ಟುಕೊಂಡು ಕಿಟಕಿಯ ಬಳಿ ನೋಡಿದರು, ಅಡುಗೆಮನೆಯಲ್ಲಿ ನೋಡಿದರು, ಸಂಜೆ ದೇವರ ಮುಂದೆ ಎಣ್ಣೆದೀಪದ ಬೆಳಕಿನಲ್ಲೂ ನೋಡಿದರು. ದೀಪದ ಮುಂದೆಯೂ ನೀಲಿ ಇತ್ತು, ಸ್ವಲ್ಪ ಆಳವಾಗಿ. ನಾಳೆ ಅಕ್ಕಸಾಲಿಗರ ಬಳಿ ಹೋಗುತ್ತಿದ್ದೇವೆ. ತಳ ಮತ್ತು ಪಕ್ಕ ತೆರೆದಿರಬೇಕು, ನಾಲ್ಕು ಉಗುರಿನ ಹಿಡಿತ ಸಾಕು ಎಂದು ಚೀಟಿಯಲ್ಲಿ ಬರೆದುಕೊಂಡಿದ್ದೇನೆ.