ತೀರಿಕೊಂಡ ಲೇಖಕರ ಪತ್ರ ಫೇಸ್‌ಬುಕ್‌ನಾಗ ಹಾಕಬಹುದೇನ್ರಿ?

ಪ್ರಶ್ನೆ – ಬಾಗಲಕೋಟೆ ಓದುಗ

ನಮ್ಮ ಬಳಗಕ್ಕ 40 ಇನ್‌ಲ್ಯಾಂಡ್ ಪತ್ರ ಸಿಕ್ಕಾವ. ಜನಪದ ಹಾಡು ಕೂಡಿಸತಿದ್ದ ಲೇಖಕರೊಬ್ಬರು 1970ರ ದಶಕದಾಗ ಮುಧೋಳದ ಸಾಲಿ ಮಾಸ್ತರಿಗೆ ಬರದವು. ಇಬ್ಬರೂ ಈಗಿಲ್ಲ. ಮಾಸ್ತರ ಮಗ ‘ಹಾಕ್ರಿ’ ಅಂದಾರ. ಅಷ್ಟ ಸಾಕೇನು? ಒಂದರಾಗ ಇನ್ನೊಬ್ಬ ಲೇಖಕರು ಸಾಲ ತೀರಿಸಿಲ್ಲ ಅಂತ ಐತಿ.

ಉತ್ತರ 1 – ಬೆಳಗಾವಿ

ಸಾಕಾಗೂದಿಲ್ರಿ. ಕಾಗದ ಮಾಸ್ತರ ಮನಿಯವರದು, ಅದರಾಗಿನ ಬರಹ ಬರದವರದು. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಆ ಹಕ್ಕು ಈಗ ಲೇಖಕರ ವಾರಸುದಾರರ ಕಡೆ ಐತಿ. ‘ಬರದವರು ಸತ್ತು 60 ವರ್ಷಕ್ಕ ಹಕ್ಕು ಮುಗೀತೈತಿ’ ಅನ್ನೂ ಲೆಕ್ಕ ಇಲ್ಲಿ ಹಿಡೀಬ್ಯಾಡ್ರಿ. ಬದುಕಿದ್ದಾಗ ಪ್ರಕಟ ಆಗದ ಬರಹಕ್ಕ, ಮೊದಲ ಸಲ ಪ್ರಕಟ ಆದ ಮರುವರ್ಷದಿಂದ 60 ವರ್ಷ ಹಕ್ಕು ಇರತೈತಿ.

ಒಪ್ಪಿಗೆ ಬಾಯಿಮಾತಿನಾಗ ಬ್ಯಾಡ, ಸಹಿ ಮಾಡಿದ ಕಾಗದ ಇರಲಿ. ಯಾವ ತಾರೀಖಿನ ಪತ್ರ, ಫೇಸ್‌ಬುಕ್ಕಿಗಷ್ಟನೋ ಪುಸ್ತಕಕ್ಕೂನೋ, ಎಷ್ಟು ವರ್ಷ, ಎಲ್ಲಾ ಬರೀಸ್ರಿ. ಅವಧಿ ಬರೀದಿದ್ರ ಕಾಯ್ದೆ 5 ವರ್ಷ ಅಂತ ಹಿಡೀತೈತಿ. ಹಕ್ಕು ಮೂವರು ಮಕ್ಕಳಿಗೆ ಬಂದಿದ್ರ ಮೂವರ ಸಹಿನೂ ಬೇಕು. ಹಿರಿಯಣ್ಣ ಹೂಂ ಅಂದ್ರ ಮುಗೀತು ಅಂತ ಕುಂತ್ರ, ಪೋಸ್ಟ್ ಬಿದ್ದ ಮರುದಿನ ತಂಗಿ ಫೋನು ಬರತೈತಿ.

ಉತ್ತರ 2 – ವಿಜಯಪುರ

ಸಾಲದ ಪತ್ರದಾಗ ಹೆಸರಿಗೆ ಕರೇ ಬಣ್ಣ ಬಳದ್ರ ಉಪಯೋಗಿಲ್ಲ. ‘ಹೋದ ವರ್ಷ ಲಾವಣಿ ಪುಸ್ತಕ ತಂದವರು’ ಅಂತ ಪಕ್ಕದಾಗ ಒಂದು ಸಾಲಿದ್ರ ಊರಿಗೆಲ್ಲಾ ಗೊತ್ತಾಗ್ತದ. ಆ ಭಾಗ ಪೂರಾ ಬಿಟ್ಟು, ‘ಇಲ್ಲಿ 4 ಸಾಲು ಬಿಟ್ಟದ’ ಅಂತ ಕಾಣೂವಂಗ ಬರೀರಿ. ಸುಮ್ನ ಹಿಂದಿನ ಮುಂದಿನ ವಾಕ್ಯ ಜೋಡಿಸೂದು ತಪ್ಪು, ಅರ್ಥನ ತಿರುಗ್ತದ.

ಅಳಸೂದ್ರಾಗ ಬಾಳ ಮಂದಿ ಎಡವ್ತಾರ. ಮೊಬೈಲಿನ ಹೈಲೈಟರ್ ಪೆನ್ನು ಪಾರದರ್ಶಕ, ಎರಡು ಸಲ ಎಳದ್ರೂ ಬ್ರೈಟ್‌ನೆಸ್ ಏರಿಸಿದ್ರ ಅಕ್ಷರ ಎದ್ದು ಕಾಣ್ತಾವ. ಗಟ್ಟಿ ಬಣ್ಣದ ಚೌಕ ಇಡ್ರಿ. ಟೈಪ್ ಮಾಡಿದ ಪಿಡಿಎಫ್ ಆದ್ರ ಚೌಕದ ಕೆಳಗ ಅಕ್ಷರ ಹಂಗ ಉಳದಿರ್ತಾವ. ಆ ಜಾಗ ಸೆಲೆಕ್ಟ್ ಮಾಡಿ ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ ನೋಡ್ರಿ, ಬಂದ್ರ ಅಳಸಿಲ್ಲ ಅಂತನ. ವರ್ಡ್‌ನಾಗ ಕ್ರಾಪ್ ಮಾಡಿದ ಚಿತ್ರದ್ದೂ ಅದ ಹಣೇಬರಹ.

ಇನ್‌ಲ್ಯಾಂಡ್‌ನಾಗ ಹೊರಗಿನ ಮಡಿಕಿ ಮ್ಯಾಲೆ ಕಳಿಸಿದವರ ಮನಿ ವಿಳಾಸ ಇರ್ತದ, ಆ ಮನ್ಯಾಗ ಈಗ ಬ್ಯಾರೆಯವರು ಇರಬಹುದು. ಹಾಳಿ ತೆಳು, ಹಿಂದಿನ ಶಾಯಿ ಮುಂದ ಹಾಯ್ತದ. ಹಿಂದ ಕರೇ ಹಾಳಿ ಇಟ್ಟು 300 ಡಿಪಿಐಗೆ (ಚಿತ್ರ ಎಷ್ಟು ನಿಚ್ಚಳ ಅನ್ನೂ ಅಳತಿ) ಸ್ಕ್ಯಾನ್ ಮಾಡ್ರಿ.

ಪ್ರಶ್ನೆ ಕೇಳಿದವರು

ಪತ್ರದಾಗ ‘ಬಿಜಾಪುರ’, ‘ಬೆಳಗಾಂವ’ ಅಂತಾವ. ತಿದ್ದೂದಾ?

ಉತ್ತರ 1 – ಬೆಳಗಾವಿ

ಮುಟ್ಟಬ್ಯಾಡ್ರಿ. ಹೆಸರು ಬದಲಾದದ್ದು 2014ರ ನವೆಂಬರ್ 1ಕ್ಕ. ಟಿಪ್ಪಣಿ ಬೇಕಂದ್ರ ಕೆಳಗ ಹಾಕ್ರಿ.