'3+' ಎಂದು ಬರೆದಿದ್ದರೆ ಸಾಕೇ? ಮಕ್ಕಳ ಮೊಬೈಲ್ ಆಟಗಳ ಬಗ್ಗೆ ಪಾಲಕರ ಪ್ರಶ್ನೆಗಳು

ಪ್ರಶ್ನೆ: ಹುಬ್ಬಳ್ಳಿಯ ನವನಗರದಿಂದ ಒಬ್ಬ ತಾಯಿ

ಮೇಡಮ್, ನಮಸ್ಕಾರ. ನನ್ನ ಮಗನಿಗೆ ಆರು ವರ್ಷ, ಒಂದನೇ ತರಗತಿ. ಹೋದ ರವಿವಾರ ಅವನ ಕಾಕಾ ಬಂದವರು ನನ್ನ ಮೊಬೈಲಿಗೆ ಒಂದು ಓಟದ ಆಟ ಹಾಕಿಕೊಟ್ಟು ಹೋದರು. ಹುಡುಗ ಓಡುತ್ತಾನೆ, ಜಿಗಿಯುತ್ತಾನೆ, ನಾಣ್ಯ ಆರಿಸುತ್ತಾನೆ, ಅಷ್ಟೇ. ರಕ್ತವಿಲ್ಲ, ಬಂದೂಕಿಲ್ಲ. ಪ್ಲೇ ಸ್ಟೋರಿನಲ್ಲಿ '3+' ಎಂದಿದೆ. ಆದರೆ ಫೋನ್ ವಾಪಸ್ ಕೇಳಿದರೆ ನೆಲಕ್ಕೆ ಬಿದ್ದು ಹೊರಳಾಡಿ ಅಳುತ್ತಾನೆ. ಮೊದಲು ಹೀಗಿರಲಿಲ್ಲ. 'ಮೂರು ವರ್ಷದವರೂ ಆಡಬಹುದು ಎಂದು ಅವರೇ ಬರೆದಿರುವಾಗ ನಿನ್ನದೇನು ತಕರಾರು' ಎಂದು ಅತ್ತೆಯವರು ಕೇಳುತ್ತಾರೆ. ಒಂದು ಆಟ ಸಣ್ಣ ಮಕ್ಕಳಿಗೆ ಯೋಗ್ಯವೋ ಅಲ್ಲವೋ ಎಂದು ತಿಳಿಯುವುದು ಹೇಗೆ?

ಉತ್ತರ: ಮಕ್ಕಳ ಆಪ್ತಸಮಾಲೋಚಕಿ, ಧಾರವಾಡ

ನಿಮ್ಮ ತಕರಾರು ಸರಿಯಾಗಿಯೇ ಇದೆ. ಅತ್ತೆಯವರ ಮಾತಿನಲ್ಲೂ ತಪ್ಪು ಹುಡುಕಬೇಡಿ. ಆ ಸಂಖ್ಯೆಯನ್ನು ಹೆಚ್ಚಿನವರು ಓದುವುದು ಹಾಗೆಯೇ. ಅದು ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಅರ್ಧ ಗೊಂದಲ ಕರಗುತ್ತದೆ.

ಆಟವನ್ನು ಪ್ಲೇ ಸ್ಟೋರಿಗೆ ಹಾಕುವ ಮೊದಲು ಅದನ್ನು ತಯಾರಿಸಿದವರೇ ಒಂದು ಪ್ರಶ್ನಾವಳಿ ತುಂಬಬೇಕು. ಹಿಂಸೆ ಇದೆಯೇ, ಹೆದರಿಸುವ ದೃಶ್ಯ ಇದೆಯೇ, ಅಶ್ಲೀಲತೆ, ಬೈಗುಳ, ಮಾದಕ ವಸ್ತು, ಜೂಜು ಇವೆಯೇ ಎಂಬ ಪ್ರಶ್ನೆಗಳಿಗೆ ಅವರು ಕೊಟ್ಟ ಉತ್ತರದ ಮೇಲೆ ಐಎಆರ್‌ಸಿ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯು 3, 7, 12, 16, 18 ಎಂಬ ಸಂಖ್ಯೆಗಳಲ್ಲಿ ಒಂದನ್ನು ಕೊಡುತ್ತದೆ. ಯುರೋಪಿನಲ್ಲಿ 2003ರಿಂದ ಇರುವ 'ಪೆಗಿ' ಗುರುತೂ ಇದೇ ಸಂಖ್ಯೆಗಳನ್ನು ಬಳಸುತ್ತದೆ. ಅಮೆರಿಕದಲ್ಲಿ 1994ರಿಂದ ಇರುವ ಇಎಸ್‌ಆರ್‌ಬಿಯದು ಅಕ್ಷರಗಳ ಗುರುತು. ಎಲ್ಲವೂ ಮುಖ್ಯವಾಗಿ ನೋಡುವುದು ಪರದೆಯ ಮೇಲೆ ಏನು ಕಾಣುತ್ತದೆ, ಏನು ಕೇಳುತ್ತದೆ ಎಂಬುದನ್ನು. ಹಾಗಾಗಿ '3+' ಎಂದರೆ ಮೂರು ವರ್ಷದ ಮಗು ನೋಡಿದರೆ ಹೆದರುವಂಥದ್ದು, ಕಲಿಯಬಾರದ್ದು ಇಲ್ಲ ಎಂದು ಅರ್ಥ. ಮೂರು ವರ್ಷದ ಮಗುವಿಗಾಗಿ ಮಾಡಿದ್ದು ಎಂದಾಗಲಿ, ಅದಕ್ಕೆ ಒಳ್ಳೆಯದು ಎಂದಾಗಲಿ ಅಲ್ಲ. ಚದುರಂಗದ ಆಟಕ್ಕೂ '3' ಸಿಗುತ್ತದೆ.

ಆ ಸಂಖ್ಯೆ ಹೇಳದೇ ಬಿಡುವ ದೊಡ್ಡ ಸಂಗತಿ ಒಂದಿದೆ: ಆಟ ಮಗುವನ್ನು ಬಿಟ್ಟುಕೊಡುತ್ತದೆಯೇ? ನಿಮ್ಮ ಮಗ ಆಡುತ್ತಿರುವ ಓಟದ ಆಟಕ್ಕೆ ಕೊನೆಯೇ ಇಲ್ಲ. ಎಡವಿ ಬೀಳುವ ತನಕ ಓಟ, ಬಿದ್ದ ಕೂಡಲೇ ಮತ್ತೆ ಓಟ. ಅಂದಮೇಲೆ ನೀವು ಯಾವ ಕ್ಷಣದಲ್ಲಿ ಫೋನ್ ತೆಗೆದುಕೊಂಡರೂ ಅದು ನಡುವೆಯೇ ಆಗುತ್ತದೆ. ಶುರು ಮಾಡಿದ್ದನ್ನು ಅರ್ಧಕ್ಕೆ ನಿಲ್ಲಿಸುವ ಶಕ್ತಿ ಆರು ವರ್ಷದ ಮಗುವಿನಲ್ಲಿ ಇನ್ನೂ ಬೆಳೆಯುತ್ತಿರುತ್ತದೆ, ಅದಕ್ಕೆ ಹೊರಗಿನ ನೆರವು ಬೇಕು. ಆಟ ಆ ನೆರವನ್ನು ಕೊಡುವುದಿರಲಿ, 'ನಾಳೆ ಬಾರದಿದ್ದರೆ ಇವತ್ತಿನ ಬಹುಮಾನ ಹೋಯಿತು' ಎಂದು ಎದುರಿಗೆ ಎಳೆಯುತ್ತದೆ. ಮಗನ ಅಳುವನ್ನು ಬರೀ ಹಟವೆಂದು ತಿಳಿಯಬೇಡಿ.

ಆದ್ದರಿಂದ ನಾನು ಪಾಲಕರಿಗೆ ಹೇಳುವುದು ಒಂದೇ: ಮಗು ಮಲಗಿದ ಮೇಲೆ ಅರ್ಧ ಗಂಟೆ ನೀವೇ ಆಡಿ. ಆಡಲು ಬಾರದಿದ್ದರೂ ಚಿಂತೆಯಿಲ್ಲ. ಆಟದ ವಿವರಣೆ, ರೇಟಿಂಗಿನ ಚುಕ್ಕೆಗಳ ಸಾಲು, ಉಳಿದವರ ಹೊಗಳಿಕೆ ಯಾವುದೂ ಆ ಅರ್ಧ ಗಂಟೆಯಷ್ಟು ಹೇಳುವುದಿಲ್ಲ. ಇಂಟರ್‌ನೆಟ್ ಚಾಲೂ ಇಟ್ಟುಕೊಂಡೇ ಆಡಿ, ಏಕೆಂದರೆ ಜಾಹೀರಾತುಗಳನ್ನು ನೀವು ನೋಡಲೇಬೇಕು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಒಬ್ಬ ಪಾಲಕರು ತಂದು ತೋರಿಸಿದ ಬಣ್ಣ ತುಂಬುವ ಆಟವನ್ನು ಇತ್ತೀಚೆಗೆ ಅವರೊಂದಿಗೆ ಕುಳಿತು ಆಡಿದೆ. ಆನೆಯ ಸೊಂಡಿಲು ಮುಗಿಸಿ ಕಿವಿಗೆ ಬರುವಷ್ಟರಲ್ಲಿ ಪರದೆ ತುಂಬ ಬೇರೊಂದು ಆಟದ ಜಾಹೀರಾತು. ಮನೆಯಿಂದ ಹೊರಹಾಕಿಸಿಕೊಂಡ ತಾಯಿ ಮತ್ತು ಮಗು ಹಿಮದಲ್ಲಿ ನಡುಗುತ್ತ ಅಳುತ್ತಿದ್ದಾರೆ, ಅವರನ್ನು ಬದುಕಿಸಲು ಬೆರಳಿನಿಂದ ಒತ್ತಬೇಕು. ಮೂಲೆಯಲ್ಲಿ ಐದರಿಂದ ಇಳಿಯುವ ಎಣಿಕೆ. ಅದು ಮುಗಿದ ಮೇಲೆ ಜೋಳದ ಕಾಳಿನಷ್ಟು ಸಣ್ಣದೊಂದು ಗುಣಾಕಾರದ ಗುರುತು ಮೂಡಿತು. ಅದನ್ನು ಒತ್ತಿದರೆ ಜಾಹೀರಾತು ಮುಚ್ಚುವ ಬದಲು ಪ್ಲೇ ಸ್ಟೋರ್ ತೆರೆಯಿತು. ಹಿಂದಕ್ಕೆ ಬಂದರೆ ಇನ್ನೊಂದು ಮೂಲೆಯಲ್ಲಿ ಇನ್ನೊಂದು ಗುರುತು. ಓದಲು ಬಾರದ ನಾಲ್ಕು ವರ್ಷದ ಮಗು ಇದನ್ನು ಹೇಗೆ ದಾಟಬೇಕು? ಆಟ ಯಾವುದು, ಜಾಹೀರಾತು ಯಾವುದು ಎಂಬ ಭೇದವೇ ಆ ವಯಸ್ಸಿಗೆ ಸರಿಯಾಗಿ ತಿಳಿದಿರುವುದಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದು ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳು ಬಳಸುವ 135 ಆ್ಯಪ್‌ಗಳನ್ನು ನೋಡಿದಾಗ ಶೇ 95ರಷ್ಟರಲ್ಲಿ ಒಂದಲ್ಲ ಒಂದು ಬಗೆಯ ಜಾಹೀರಾತು ಇತ್ತು. ಖರೀದಿ ಮಾಡದಿದ್ದರೆ ಆಟದ ಗೊಂಬೆಯೇ ಅಳುವಂತೆ ಮಾಡಿದ್ದೂ ಅದರಲ್ಲಿ ಸಿಕ್ಕಿತ್ತು. ಮಕ್ಕಳ ಕರುಣೆಯನ್ನೇ ಹಣ ಮಾಡಿಕೊಳ್ಳುವ ಈ ಕೆಲಸಕ್ಕೆ ನನ್ನಲ್ಲಿ ಕ್ಷಮೆಯಿಲ್ಲ.

ಆಡುವಾಗ ಇನ್ನೆರಡು ವಿಷಯ ಗಮನಿಸಿ. ಗುರುತು ಪರಿಚಯವಿಲ್ಲದವರು ಮಗುವಿಗೆ ಸಂದೇಶ ಕಳಿಸಬಹುದೇ? ಹಣ ಕೇಳುವ ಗುಂಡಿ ಎಷ್ಟು ಬೇಗ ಬರುತ್ತದೆ? ಕೊನೆಗೆ ಏರೋಪ್ಲೇನ್ ಮೋಡ್ ಹಾಕಿ ಮತ್ತೆ ಆಡಿ ನೋಡಿ. ಇಂಟರ್‌ನೆಟ್ ಇಲ್ಲದೆಯೂ ಪೂರ್ತಿ ನಡೆಯುವ ಆಟವಾದರೆ ಅರ್ಧ ತಲೆನೋವು ಕಡಿಮೆ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವಾಗ ಕೊಡಲೇಬೇಕಾಗಿ ಬಂದರೆ ಹಾಗೆಯೇ ಕೊಡಿ.

ನಿಮ್ಮ ಮಗನಿಗೆ ಈಗ: ಈ ಆಟ ತೆಗೆಯಿರಿ. ಬದಲಿಗೆ ಹಂತ ಮುಗಿಯುವ, ಒಗಟು ಬಿಡಿಸುವ, ಚಿತ್ರ ಜೋಡಿಸುವ ಆಟ ನೋಡಿ. ಖಾನ್ ಅಕಾಡೆಮಿ ಕಿಡ್ಸ್ ಎಂಬ ಆ್ಯಪ್ ಇಂಗ್ಲಿಷಿನಲ್ಲಿದ್ದರೂ ಅದರಲ್ಲಿ ಜಾಹೀರಾತಿಲ್ಲ, ಹಣವನ್ನೂ ಕೇಳುವುದಿಲ್ಲ. 'ಹತ್ತು ನಿಮಿಷ' ಎನ್ನಬೇಡಿ, ಆ ವಯಸ್ಸಿಗೆ ನಿಮಿಷದ ಅಂದಾಜು ಇರುವುದಿಲ್ಲ. 'ಈ ಎರಡು ಚಿತ್ರ ಮುಗಿದ ಮೇಲೆ ಫೋನ್ ನನಗೆ' ಎಂದು ಕೊಡುವ ಮೊದಲೇ ಹೇಳಿ.

ಪ್ರಶ್ನೆ: ಗದಗ-ಬೆಟಗೇರಿಯಿಂದ ಒಬ್ಬ ತಂದೆ

ಮೇಡಮ್, ನನ್ನ ಮಗಳಿಗೆ ಎಂಟು ವರ್ಷ. ಸೋದರಮಾವನ ಮಕ್ಕಳ ಜೊತೆ ಮೈನ್‌ಕ್ರಾಫ್ಟ್, ರೋಬ್ಲಾಕ್ಸ್ ಎರಡನ್ನೂ ಆಡುತ್ತಾಳೆ. ಎರಡರಲ್ಲೂ ಇಟ್ಟಿಗೆಯಂಥ ಗೊಂಬೆಗಳೇ. ಎರಡೂ ಒಂದೇ ಬಗೆಯವು ತಾನೇ?

ಉತ್ತರ

ಅಲ್ಲ ಸರ್, ಕಾಣುವುದಷ್ಟೇ ಒಂದೇ ಥರ.

ಮೈನ್‌ಕ್ರಾಫ್ಟ್ ಒಂದು ಆಟ. ಪೆಗಿ ಅದಕ್ಕೆ 7, ಅಮೆರಿಕದ ಇಎಸ್‌ಆರ್‌ಬಿ 10 ಮತ್ತು ಅದಕ್ಕಿಂತ ಮೇಲ್ಪಟ್ಟವರಿಗೆ ಎಂದಿದೆ. ಅದೇ ಆಟಕ್ಕೆ ಎರಡು ಕಡೆ ಎರಡು ವಯಸ್ಸು ಬಂದದ್ದನ್ನು ನೋಡಿದರೆ ಇಂಥ ಸಂಖ್ಯೆ ಅಳತೆಗೋಲಲ್ಲ, ಅಭಿಪ್ರಾಯ ಎಂಬುದು ತಿಳಿಯುತ್ತದೆ. ಅದರಲ್ಲಿ 'ಪೀಸ್‌ಫುಲ್' ಎಂಬ ಆಯ್ಕೆ ಇಟ್ಟರೆ ರಾತ್ರಿ ದಾಳಿ ಮಾಡುವ ಪ್ರಾಣಿಗಳು ಬರುವುದಿಲ್ಲ. 'ಕ್ರಿಯೇಟಿವ್' ಎಂಬುದರಲ್ಲಿ ಬರೀ ಕಟ್ಟುವ ಕೆಲಸ. ಗುರುತಿಲ್ಲದವರೂ ಕೂಡುವ ಹೊರಗಿನ ಸರ್ವರ್‌ಗಳಿಗೆ ಹೋಗದೆ ಮನೆಯ ಮಕ್ಕಳಷ್ಟೇ ಕೂಡಿ ಆಡಿದರೆ ಎಂಟು ವರ್ಷಕ್ಕೆ ನಾನು ಬೇಡ ಎನ್ನುವುದಿಲ್ಲ. ಮಗಳು ಏನು ಕಟ್ಟಿದಳು ಎಂದು ಸಂಜೆ ಕೇಳಿ, ತೋರಿಸಲಿ.

ರೋಬ್ಲಾಕ್ಸ್ ಒಂದು ಆಟವಲ್ಲ, ಯಾರು ಬೇಕಾದರೂ ಆಟ ಕಟ್ಟಿ ಇಡಬಹುದಾದ ಜಾಗ. ಒಳಗೆ ಲೆಕ್ಕವಿಲ್ಲದಷ್ಟು ಆಟಗಳಿವೆ. ಮಗಳು ನಿನ್ನೆ ಆಡಿದ್ದನ್ನು ನೀವು ನೋಡಿ ಒಪ್ಪಿದ್ದರೂ ಇವತ್ತು ಆಡುವುದು ಬೇರೆಯೇ ಇರಬಹುದು. ಅಲ್ಲಿ ಪಾಲಕರ ಖಾತೆ ಜೋಡಿಸಿ, ಯಾವ ಮಟ್ಟದ ಆಟ ಕಾಣಬೇಕು, ಯಾರು ಮಾತನಾಡಿಸಬಹುದು ಎಂದು ಕಟ್ಟುಪಾಡು ಹಾಕುವ ವ್ಯವಸ್ಥೆ ಇದೆ. ಅದು ಕೆಲಸ ಮಾಡಬೇಕಾದರೆ ಖಾತೆಯಲ್ಲಿ ನಿಜವಾದ ಹುಟ್ಟಿದ ದಿನಾಂಕ ಇರಬೇಕು. ಬಹುಶಃ ದೊಡ್ಡ ಹುಡುಗರು ಖಾತೆ ತೆರೆದುಕೊಟ್ಟಿದ್ದರೆ ವಯಸ್ಸು ಏರಿಸಿ ಹಾಕಿರುತ್ತಾರೆ, ಮೊದಲು ಅದನ್ನು ನೋಡಿ. ನನ್ನನ್ನು ಕೇಳಿದರೆ, ಪಕ್ಕದಲ್ಲಿ ಹಿರಿಯರು ಕೂರಲು ಆಗದಿದ್ದರೆ ಎಂಟು ವರ್ಷಕ್ಕೆ ರೋಬ್ಲಾಕ್ಸ್ ಬೇಡ.

ಪ್ರಶ್ನೆ: ಹಾವೇರಿ ತಾಲ್ಲೂಕಿನ ಒಬ್ಬ ಶಿಕ್ಷಕರು

ನಮ್ಮ ಮೂರನೇ ತರಗತಿಯ ಹುಡುಗರ ಬಾಯಲ್ಲಿ ಬರೀ ಬಿಜಿಎಂಐ, ಫ್ರೀ ಫೈರ್ ಎಂಬ ಗುಂಡು ಹಾರಿಸುವ ಆಟಗಳು. 'ನಿಷೇಧ ಈಗ ಇಲ್ಲವಲ್ಲ ಸರ್, ಅಂದರೆ ಆಡಬಹುದು' ಎಂದು ಪಾಲಕರೇ ವಾದಿಸುತ್ತಾರೆ.

ಉತ್ತರ

ಆ ವಾದದ ಬುಡವೇ ಸಡಿಲ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ (ಬಿಜಿಎಂಐ ಅದರದೇ ಭಾರತೀಯ ರೂಪ), 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್ ನಿಷೇಧವಾದದ್ದು ದೇಶದ ಭದ್ರತೆ ಮತ್ತು ಬಳಕೆದಾರರ ಮಾಹಿತಿಯ ಕಾರಣಕ್ಕೆ. ಮಕ್ಕಳ ವಯಸ್ಸಿಗೂ ಅದಕ್ಕೂ ಸಂಬಂಧವಿರಲಿಲ್ಲ. ಹಾಗಿರುವಾಗ ಆಟ ಈಗ ಸಿಗುತ್ತದೆ ಎಂದ ಮಾತ್ರಕ್ಕೆ ಮಕ್ಕಳಿಗೆ ಯೋಗ್ಯ ಎಂದು ಹೇಗಾಗುತ್ತದೆ? ಬಿಜಿಎಂಐ ಆಡಲು 18ರ ಒಳಗಿನವರಿಗೆ ಪಾಲಕರ ಒಪ್ಪಿಗೆ ಬೇಕೆಂದು ಆ ಆಟದ ನಿಯಮವೇ ಹೇಳುತ್ತದೆ. ಎಂಟು-ಒಂಬತ್ತು ವರ್ಷದವರಿಗೆ ಇವು ಬೇಡವೇ ಬೇಡ. ಇದರಲ್ಲಿ ಎರಡು ಮಾತಿಲ್ಲ.

ಮನೆಯಲ್ಲಿ ಅಣ್ಣ ಆಡುವಾಗ ತಮ್ಮ ಹೆಗಲ ಮೇಲಿಂದ ಇಣುಕಿ ನೋಡುವುದೂ ಆಡಿದಂತೆಯೇ ಎಂದು ಪಾಲಕರ ಸಭೆಯಲ್ಲಿ ಹೇಳಿ. ಅಣ್ಣನಿಗೆ ಇಯರ್‌ಫೋನ್ ಕೊಟ್ಟರೆ ಸಾಲದು, ಜಾಗವೂ ಸಮಯವೂ ಬೇರೆ ಆಗಬೇಕು.

ಪ್ರಶ್ನೆ: ಹುಬ್ಬಳ್ಳಿಯ ದುರ್ಗದಬೈಲಿನ ಒಬ್ಬ ವ್ಯಾಪಾರಸ್ಥರು

ಮಗ ನನ್ನ ಫೋನಿನಲ್ಲಿ ಆಟದ ವಜ್ರ ಕೊಂಡಿದ್ದಾನೆ. ನಿನ್ನೆ ರಾತ್ರಿ ಲೆಕ್ಕ ನೋಡುವಾಗ ಗೊತ್ತಾಯಿತು. ಹಣದ ಆಟಗಳನ್ನು ಸರ್ಕಾರ ಬಂದ್ ಮಾಡಿತ್ತಲ್ಲ?

ಉತ್ತರ

2025ರ ಕಾಯ್ದೆ ನಿಷೇಧಿಸಿದ್ದು ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು. ಆಟದೊಳಗೆ ವಜ್ರ, ಉಡುಪು ಕೊಳ್ಳುವುದು ಬೇರೆ ವಿಷಯ. ನೀವು ಇವತ್ತೇ ಗೂಗಲ್ ಪ್ಲೇಗೆ ಹಣ ವಾಪಸ್ ಕೋರಿ ಅರ್ಜಿ ಹಾಕಿ, ಖರೀದಿಯಾದ 48 ಗಂಟೆಯ ಒಳಗೆ ಕೇಳಿದರೆ ದಾರಿ ಸುಲಭ. ಆಮೇಲೆ ಪ್ಲೇ ಸ್ಟೋರಿನ ಸೆಟ್ಟಿಂಗಿನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಮಾಡಿ. ಮಗನಿಗೆ ಗೊತ್ತಿರುವ ಪಾಸ್‌ವರ್ಡ್ ಬದಲಿಸಿ.

ಇನ್ನೊಂದು ಕೇಳಿ ನೋಡಿ: ಅವನು ಕೊಂಡ ವಜ್ರದಿಂದ ಏನು ತೆಗೆದುಕೊಂಡ? ಒಳಗೆ ಏನಿದೆ ಎಂದು ತಿಳಿಯದ ಪೆಟ್ಟಿಗೆ ತೆರೆಯುವುದಾದರೆ ಅದು ಜೂಜಿನ ಅಭ್ಯಾಸವೇ. ಬೆಲ್ಜಿಯಂ 2018ರಲ್ಲಿ ಅಂಥ ಹಣದ ಪೆಟ್ಟಿಗೆಗಳನ್ನು ಜೂಜು ಎಂದೇ ಪರಿಗಣಿಸಿತು. 2020ರಿಂದ ಪೆಗಿಯೂ ಇಎಸ್‌ಆರ್‌ಬಿಯೂ ಇದಕ್ಕೆ ಪ್ರತ್ಯೇಕ ಸೂಚನೆ ಹಾಕುತ್ತಿವೆ. ಮಗನಿಗೆ ಹೊಡೆಯಬೇಡಿ. ಆ ಗುಂಡಿ ಒತ್ತಲಿ ಎಂದೇ ಅದನ್ನು ಅಲ್ಲಿ ಇಟ್ಟಿದ್ದಾರೆ.

ಮರುಪ್ರಶ್ನೆ: ನವನಗರದ ತಾಯಿ

ರಾತ್ರಿ ನಾನೇ ಆಡಿದೆ ಮೇಡಮ್. ಬಿದ್ದಾಗಲೆಲ್ಲ 'ಜಾಹೀರಾತು ನೋಡಿದರೆ ಮತ್ತೆ ಜೀವ' ಎಂದು ಬರುತ್ತದೆ. ಅತ್ತೆಯವರಿಗೂ ತೋರಿಸಿದೆ, ಅವರೇ ತೆಗೆಸಿದರು. ಆದರೆ ಮಗ ಇವತ್ತೂ ಅತ್ತ. ಇದು ಚಟವೇ? ಆಸ್ಪತ್ರೆಗೆ ತೋರಿಸಬೇಕೇ?

ಉತ್ತರ

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಗಾಬರಿ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಆಟದ ಗೀಳು ಒಂದು ಕಾಯಿಲೆಯೆಂದು ಇದೆ, ಆದರೆ ಅದನ್ನು ಗುರುತಿಸಲು ಸಾಮಾನ್ಯವಾಗಿ 12 ತಿಂಗಳ ಕಾಲ ಊಟ, ನಿದ್ದೆ, ಓದು, ಒಡನಾಟ ಎಲ್ಲವೂ ಆಟದ ಹಿಂದೆ ಸರಿದಿರಬೇಕು. ಒಂದು ವಾರದ ಅಳು ಅದಲ್ಲ. ಇನ್ನು ಕೆಲವು ದಿನ ಅಳುತ್ತಾನೆ. ಆ ಹೊತ್ತಿಗೆ ಯಾರಾದರೂ ಜೊತೆಗಿರಿ, ಉಣಕಲ್ ಕೆರೆಯ ಕಡೆ ಒಂದು ಸುತ್ತು ಹೋಗಿ ಬನ್ನಿ, ಅಥವಾ ಅಜ್ಜಿ ಚೌಕಾಬಾರಾ ಹಾಸಲಿ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 5ರಿಂದ 10 ವರ್ಷದವರಿಗೆ ಟಿವಿ, ಮೊಬೈಲ್ ಎಲ್ಲ ಸೇರಿ ದಿನಕ್ಕೆ ಎರಡು ಗಂಟೆಗಿಂತ ಕಡಿಮೆ ಎಂದಿದೆ. ನಿಮ್ಮ ಮನೆಯ ಲೆಕ್ಕದಲ್ಲಿ ಟಿವಿಯನ್ನೂ ಸೇರಿಸಿ.

ವಾರಗಟ್ಟಲೆ ಕಳೆದರೂ ನಿದ್ದೆ ಕೆಟ್ಟಿದ್ದರೆ, ಊಟ ಬಿಟ್ಟಿದ್ದರೆ, ಶಾಲೆಗೆ ಹೋಗಲು ಒಲ್ಲೆ ಎಂದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆತನ್ನಿ. ಮೊದಲು ಫೋನಿನಲ್ಲಿ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ಕಾಕಾ ಮುಂದಿನ ರವಿವಾರ ಬರುವ ಮೊದಲು ಅವರಿಗೂ ಒಂದು ಮಾತು ಹೇಳಿಡಿ.